ಅವ್ವನಿಗೊಂದು ಮೆರೂನ್ ಸೀಟು

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಯಾವುದೇ ಕೆಲಸವನ್ನು ಇನ್ನೊಬ್ಬರು ಸಲೀಸಾಗಿ ಮಾಡುವುದನ್ನು ಕಂಡರೆ ಸಾಕು, ‘ಇಷ್ಟೇ ತಾನೆ!’ ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸಿದ ಒಂದು ದಿನ ಮಿಕ್ಸಿ ಬಿಚ್ಚಿದೆ. ಅದು ಇವತ್ತಿಗೂ ಒಂದು ಬಕೆಟ್ಟಿನಲ್ಲಿ ಬಿಡಿಬಿಡಿಯಾಗಿ ಅಟ್ಟದ ಮೇಲಿದೆ. ನಮ್ಮ ಬಚ್ಚಲಿನ ನಲ್ಲಿ, ನಾನು ರಿಪೇರಿ ಮಾಡಿದ ಮೇಲೆ, ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ, ಬಲಕ್ಕೆ ತಿರುಗಿಸಿದರೆ ಸುರಿಯುತ್ತದೆ. ನೆಂಟರು ಯಾರಾದರೂ ಕೈಕಾಲು ತೊಳೆಯಲು ಎದ್ದರೆ ನನ್ನ ಹೆಂಡತಿ ಮಂಗಳ ಹಿಂದೆಯೇ ಓಡಿಹೋಗಿ ಪಾಠ ಹೇಳಿಕೊಡಬೇಕು. ಇಂಥ ನಾನು ಕಾರಿನ ಸೀಟಿಗೆ ಕೈಯಾರೆ ಹೊಸ ಕವರ್ ಹೊಲಿಯುತ್ತೇನೆಂದು ಹೊರಟಾಗ ಮಂಗಳ ಅಟ್ಟದ ಮೇಲಿನ ಬಕೆಟ್ಟಿನ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಇದಕ್ಕೆಲ್ಲ ಮೂಲ ನಮ್ಮವ್ವ. ನಾವಿರುವುದು ನಂಜನಗೂಡಿನಲ್ಲಿ, ನಾನು ತಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ನನ್ನ ಕಾರು ನನ್ನ ಕೈಗೆ ಬರುವ ಹೊತ್ತಿಗೇ ಇಬ್ಬರು ಯಜಮಾನರನ್ನು ಕಂಡು ಸುಸ್ತಾಗಿತ್ತು. ಹೋದ ವರ್ಷ ಕವಲಂದೆಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗುವಾಗ, ಮುಂದಿನ ಎಡಗಡೆ ಸೀಟಿನ ಸ್ಪ್ರಿಂಗು ರೆಕ್ಸಿನ್ ಹರಿದುಕೊಂಡು ಮೇಲೆದ್ದು ಅವ್ವನಿಗೆ ಎಲ್ಲಿ ಚುಚ್ಚಬಾರದೋ ಅಲ್ಲೇ ಚುಚ್ಚಿತು. ಒಳ್ಳೆಯ ಸೀರೆಗೂ ತೂತಾಯಿತು. ಅವ್ವ ದಾರಿಯುದ್ದಕ್ಕೂ ಗೊಣಗಿದಳು. ನಾನೂ ಏನೋ ಅಂದೆ. ಸುಡುಬಿಸಿಲು, ಮುಂದೆ ದಾರಿ ಬಿಡದ ಕಬ್ಬಿನ ಲಾರಿ, ಏನಂದೆನೋ ನೆನಪಿಲ್ಲ. ಅವತ್ತಿನಿಂದ ಅವ್ವ ನನ್ನ ಕಾರು ಹತ್ತಲಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಗಿರುವುದು ಬೇರೆ ಅವಳಿಗೆ ಆನೆಬಲ. ಎಲೆಅಡಿಕೆ ಚೀಲದಲ್ಲಿ ಆಧಾರ್ ಕಾರ್ಡ್ ಇಟ್ಟುಕೊಂಡು ಈ ಎಪ್ಪತ್ತೆರಡರಲ್ಲೂ ಎಲ್ಲಿಗೆ ಬೇಕಾದರೂ ಹೊರಟುಬಿಡುತ್ತಾಳೆ. ಹೀಗೆ ಒಂದೇ ಮನೆಯಿಂದ ಒಂದೇ ಮದುವೆಗೆ ಎರಡು ಗಾಡಿ ಹೊರಡಲು ಶುರುವಾಯಿತು. ‘ಅಲ್ಲಾ ಮೇಷ್ಟ್ರೇ, ಅವ್ವುನ್ನ ಬಸ್ಸಿಗತ್ತಿಸ್ಬುಟ್ಟು ನೀವು ಕಾರಲ್ಲಿ ಓಯ್ತೀರಂತಲ್ಲಾ?’ ಎಂದು ಬೀದಿಯಲ್ಲಿ ಕಂಡವರೆಲ್ಲ ಕೇಳುವ ಹಾಗಾಯಿತು. ಅಷ್ಟರಲ್ಲಿ ಹೆಮ್ಮಿಗೆಯಿಂದ ಕರೆ ಬಂತು. ಹೆಮ್ಮಿಗೆ ಅವ್ವನ ತವರು. ಅಲ್ಲಿ ನಮ್ಮ ಸೋದರಮಾವನ ಮೊಮ್ಮಗನಿಗೆ ನಾಮಕರಣ. ತವರಿನ ಬಾಗಿಲಿಗೆ ಅವ್ವ ಬಸ್ಸಿಳಿದು ನಡೆದು ಬಂದು, ಹಿಂದೆಯೇ ನಾನು ಕಾರಿನಿಂದ ಇಳಿದರೆ ನನ್ನ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಮಾನದ ಮಾತು ಹಾಗಿರಲಿ, ಪಕ್ಕದಲ್ಲಿ ಆ ಖಾಲಿ ಸೀಟನ್ನು ನೋಡಿಕೊಂಡು ಗಾಡಿ ಓಡಿಸುವುದು ನನಗೇ ಸಂಕಟವಾಗಿತ್ತು. ಮಂಗಳ ಅಲ್ಲಿ ಕೂರುತ್ತಿರಲಿಲ್ಲ. ಸ್ಪ್ರಿಂಗಿಗೆ ಅತ್ತೆ ಸೊಸೆ ಎಂಬ ಭೇದವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸೀಟು ಹೊಲಿಯುವವನ ಅಂಗಡಿಗೆ ಹೋದೆ. ‘ಬುಟ್ಟೋಗಿ ಸಾ, ಮಾಡ್ಕೊಡ್ತೀನಿ’ ಅಂದ. ಬಿಟ್ಟು ಬರಬಹುದಿತ್ತು. ಆದರೆ ಅವನು ಯಾರದೋ ಕಾರಿನ ಹಳೆಯ ಕವರನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುತ್ತಿದ್ದುದನ್ನು ಎರಡು ನಿಮಿಷ ನಿಂತು ನೋಡಿದೆ. ಅದೇ ತಪ್ಪಾದದ್ದು. ಬರುವಾಗ ಎರಡು ಸೀಟಿಗಾಗುವಷ್ಟು ಕಾಫಿ ಬಣ್ಣದ ರೆಕ್ಸಿನ್ ನನ್ನ ಕಂಕುಳಲ್ಲಿತ್ತು.

ನಾಲ್ಕು ಬೋಲ್ಟು ಬಿಚ್ಚಿದರೆ ಸೀಟು ಕೈಗೆ ಬರುತ್ತದೆ. ಮೂರು ಬಂದವು. ನಾಲ್ಕನೆಯದಕ್ಕೆ ಒಂದಿಡೀ ಭಾನುವಾರ, ಅರ್ಧ ಬಾಟಲಿ ಕೊಬ್ಬರಿ ಎಣ್ಣೆ, ಮತ್ತು ಮೇಷ್ಟ್ರ ಬಾಯಲ್ಲಿ ಬರಬಾರದ ಕೆಲವು ಮಾತು ಖರ್ಚಾದವು. ಸೀಟು ಎತ್ತಿದರೆ ಕೆಳಗೆ ಮೂರು ಪೆನ್ನು, ಕಲ್ಲಾಗಿದ್ದ ಒಂದು ಕೋಡುಬಳೆ, ಅವ್ವನ ಸುಣ್ಣದ ಡಬ್ಬಿ! ಆ ಡಬ್ಬಿ ಪಕ್ಕದ ಮನೆಯ ನಿಂಗಮ್ಮನ ಕೈಸೇರಿದೆಯೆಂದು ಅವ್ವ ಅವಳ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದಳು. ‘ನಿಂಗಮ್ಮನಿಗೆ ಹೇಳಿಬರಲಾ?’ ಅಂದೆ. ‘ಸುಮ್ಕಿರ್ಲಾ, ಈಗ್ಯಾಕೆ ಅದೆಲ್ಲ’ ಎಂದು ಅವ್ವ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾರಿಗೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ. ಸೀಟು ಮುಗಿದರೆ ಅದೇ ಅವಳನ್ನು ಕರೆಯುತ್ತದೆ ಎಂಬುದು ನನ್ನ ಲೆಕ್ಕ.

ಹೊಲಿಗೆ ಮಿಷನ್ ಮಂಗಳನದು. ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಪಳಗಿದ್ದ ಆ ಬಡಪಾಯಿ ಮಿಷನ್ನು ರೆಕ್ಸಿನ್ ಕಂಡು ಬೆಚ್ಚಿಬಿತ್ತು. ಆರು ಸೂಜಿ ಮುರಿದ ಮೇಲೆ ಗೋಣಿಚೀಲ ಹೊಲಿಯುವಷ್ಟು ದಪ್ಪದ್ದೊಂದನ್ನು ತಂದೆ. ಹರಿಯದೆ ಉಳಿದಿದ್ದ ಡ್ರೈವರ್ ಸೀಟಿನ ಹಳೆಯ ಕವರಿನ ಹೊಲಿಗೆ ಬಿಚ್ಚಿ, ತುಂಡುಗಳನ್ನು ರೆಕ್ಸಿನ್ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದೆ. ಅವೇ ತುಂಡುಗಳನ್ನು ಹಾಗೆಯೇ ಹರಡಿ ಅವ್ವನ ಸೀಟಿಗೂ ಕತ್ತರಿಸಿದೆ. ಇನ್ನೆರಡು ಭಾನುವಾರ ಅದಕ್ಕೇ ಹೋದವು. ತೊಡಿಸಲು ಹೋದಾಗ ಗೊತ್ತಾಯಿತು: ಸೀಟನ್ನು ಹಿಂದಕ್ಕೆ ಬಾಗಿಸುವ ಹಿಡಿ ಒಂದು ಸೀಟಿಗೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ಇರುತ್ತದೆ. ನಾನು ಹೊಲಿದಿದ್ದು ಎರಡೂ ಡ್ರೈವರ್ ಸೀಟಿನ ಕವರು. ಚಪ್ಪಲಿ ಅಂಗಡಿಗೆ ಹೋಗಿ ಎರಡೂ ಬಲಗಾಲಿನದೇ ತಂದ ಹಾಗೆ. ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಚಿಟ್ಟೆ ಬರೆದು, ‘ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ’ ಎಂದು ಸಮ್ಮಿತಿಯ ಪಾಠ ಮಾಡುತ್ತಿರುವವನು ನಾನು!

ಮಂಗಳ ನಗು ತಡೆದುಕೊಂಡು, ‘ರವಿಕೆ ತೋಳು ಕತ್ತರಿಸುವಾಗ ಬಟ್ಟೆ ಮಡಚಿಕೊಂಡು ಕತ್ತರಿಸ್ತೀವಿ ಕಣ್ರೀ. ಎಡಗೈಗೊಂದು ಬಲಗೈಗೊಂದು ತಾನಾಗೇ ಬತ್ತದೆ’ ಅಂದಳು. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅವ್ವ ತಲೆಯೆತ್ತದೆ, ‘ಆ ಕಡೀಕೂ ಒಂದು ಸ್ಟೇರಿಂಗ್ ಆಕ್ಸ್‌ಬುಡ್ಲಾ, ಸರಿ ಓಯ್ತದೆ’ ಅಂದಳು. ಅಂಗಡಿಯಲ್ಲಿ ಕಾಫಿ ಬಣ್ಣ ಮುಗಿದಿತ್ತು. ಇದ್ದದ್ದು ಮೆರೂನು. ಈ ಸಲ ಮಂಗಳ ಎದುರಿಗೇ ಕೂತು ಒಂದೊಂದೇ ತುಂಡನ್ನು ಮಗುಚಿ ಇಟ್ಟುಕೊಟ್ಟಳು, ನಾನು ಬಾಯಿ ಮುಚ್ಚಿಕೊಂಡು ಗೆರೆ ಎಳೆದೆ. ಹೊಸ ಸ್ಪಂಜು ತುಂಬಿ ಕೂರಿಸಿದ ಮೇಲೆ ನೋಡಿದರೆ, ನನ್ನದು ಕಾಫಿ ಪುಡಿ ಬಣ್ಣದ ಸೀಟು, ಅವ್ವನದು ಛತ್ರದಲ್ಲಿ ಗಂಡು ಹೆಣ್ಣನ್ನು ಕೂರಿಸುವ ಕುರ್ಚಿಯಂಥದು. ನಿಜ ಹೇಳುತ್ತೇನೆ, ನನಗೆ ತುಂಬಾ ಸಂತೋಷವಾಯಿತು. ಮೂರು ಸಲ ಹೋಗಿ ಕೂತು ಬಂದೆ.

ನಾಮಕರಣದ ದಿನ ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ, ಸೀರೆ ಉಟ್ಟು, ಚೀಲ ಹಿಡಿದು, ಕಾರಿನ ಪಕ್ಕದಿಂದಲೇ ಹಾದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು! ನಾನು ಬರಿಗಾಲಲ್ಲೇ ಓಡಿ, ಎಡಗಡೆ ಬಾಗಿಲು ತೆರೆದು ಹಿಡಿದು, ‘ಬಾರವ್ವ’ ಅಂದೆ. ಅವ್ವ ನಿಂತಳು. ತಿರುಗಿ ಬಂದಳು. ಮುದ್ದೆ ಹಿಟ್ಟು ನಾದುವವಳ ಹಾಗೆ ಸೀಟನ್ನು ಎರಡು ಸಲ ಅದುಮಿ ನೋಡಿ, ‘ಮದ್ವೆ ಎಣ್ಣು ಕೂರೋ ಕುರ್ಚಿ ಮಾಡಿಟ್ಟಿದ್ದೀಯಲ್ಲಾ’ ಎಂದು ಕೂತಳು. ನರಸೀಪುರ ಬರುವಷ್ಟರಲ್ಲಿ ತೂಕಡಿಸುತ್ತಿದ್ದಳು. ಒಂದು ಹಳ್ಳ ತಪ್ಪಿಸಲು ನಾನು ಅಷ್ಟು ಜೋಪಾನವಾಗಿ ಗಾಡಿ ಓಡಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಹೆಮ್ಮಿಗೆಯಲ್ಲಿ ಸೋದರಮಾವ ಕಾರಿನೊಳಗೆ ತಲೆ ತೂರಿಸಿ, ‘ಯಾವನ್ಲಾ ಇದ್ನ ಒಲ್ದವ್ನು? ಒಲಿಗೆ ಎಲ್ಲಾ ಅಂಕುಡೊಂಕು. ಇಡ್ಕೊಂಡು ಕೇಳು ಅವನ್ನ’ ಅಂದ. ‘ಕೇಳ್ತೀನಿ ಮಾವ’ ಅಂದೆ.

ವಾಪಸು ಹೊರಡುವಾಗ ಅವ್ವ ತಾನೇ ಕಂಡಕ್ಟರಾದಳು. ನರಸೀಪುರದ ಕಡೆಗೆ ಹೊರಟಿದ್ದ ತನ್ನ ಹಳೆಯ ಬಳಗದ ಇಬ್ಬರನ್ನು ‘ಕಾರು ಅತ್ತಮ್ಮಿ, ಇದೂ ಫ್ರೀನೆಯ, ಕಾರ್ಡೂ ಬ್ಯಾಡ’ ಎಂದು ಹಿಂದೆ ಮಂಗಳನ ಜೊತೆ ಕೂರಿಸಿದಳು. ಎಲೆಅಡಿಕೆ ಚೀಲ ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓಡಾಡಿತು. ಒಬ್ಬಾಕೆ, ‘ಸೀಟು ಚುಚ್ತದೆ ಅಂತ ಮಗನ ಕಾರೇ ಅತ್ತಕಿಲ್ವಂತಲ್ಲಾ ನೀನು?’ ಎಂದು ಕೇಳಿದಳು. ನಾನು ಪಕ್ಕದಲ್ಲಿರುವುದನ್ನೇ ಮರೆತವಳ ಹಾಗೆ ಅವ್ವ ಶುರುಮಾಡಿದಳು: ‘ಸೀಟು ಚುಚ್ತು ಅಂತ ಬುಟ್ನಾ ನಾನು? ಗದ್ದೇಲಿ ಎಂತೆಂತಾ ಮುಳ್ಳು ತುಳ್ದಿವ್ನಿ! ಇವನು, ಅಷ್ಟು ಕಷ್ಟ ಆದ್ರೆ ಬಸ್ಸಲ್ಲಿ ಓಗವ್ವ, ಅಂದ ಕಣಮ್ಮಿ. ಓಗು ಅಂದ, ಓದೆ. ಇವತ್ತು ಬಾಗ್ಲು ತಗ್ದು, ಬಾರವ್ವ, ಅಂದ. ಬಂದೆ.’

ಹಿಂದಿನ ಮೂವರೂ ನನ್ನನ್ನೇ ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಹೌದು, ಅಂದಿದ್ದೆ. ಕಬ್ಬಿನ ಲಾರಿಗೆ ಹಾರ್ನ್ ಹೊಡೆಯುತ್ತ, ಅವಳ ಮುಖವನ್ನೂ ನೋಡದೆ ಅಂದಿದ್ದೆ. ಅರ್ಧ ಬಾಟಲಿ ಕೊಬ್ಬರಿ ಎಣ್ಣೆ, ಆರು ಸೂಜಿ, ಎರಡು ಬಣ್ಣದ ರೆಕ್ಸಿನ್, ಒಂದು ತಿಂಗಳ ಭಾನುವಾರಗಳು. ಅವ್ವನಿಗೆ ಬೇಕಾಗಿದ್ದುದು ಒಂದು ‘ಬಾರವ್ವ’. ಇಷ್ಟೇ ತಾನೆ! ಜೀವಮಾನದಲ್ಲಿ ಆ ಮಾತು ಸರಿಯಾಗಿ ಅನ್ವಯಿಸುವ ಒಂದೇ ಒಂದು ಕೆಲಸ ಎದುರಿಗಿತ್ತು, ಅಷ್ಟು ದಿನವೂ ಅದೊಂದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

ಮುಂದೆ ರಸ್ತೆಬದಿಯಲ್ಲಿ ಒಬ್ಬ ಮುದುಕಿ ಕೈ ಅಡ್ಡ ಹಿಡಿದಳು. ಅವ್ವ ಬಾಯಿ ತೆರೆಯುವ ಮೊದಲೇ ಬ್ರೇಕು ಹಾಕಿ, ಹಿಂದಿನವರಿಗೆ ಒತ್ತರಿಸಿ ಕೂರಲು ಹೇಳಿ, ಇಳಿದು ಹೋಗಿ ನಾನೇ ಬಾಗಿಲು ತೆಗೆದೆ.