ಕಲ್ಲು ಮರೆತ ಪೆಟ್ಟಿಗೆ

"ಹತ್ತ ಮಿನಿಟಿನ ಕೆಲಸರೀ. ನೀವು ಚಾ ಕುಡಿಯೂದ್ರಾಗ ಮುಗದಿರ್ತೈತಿ" ಎಂದು ಅಂದಪ್ಪ ಮಾಲಕರಿಗೆ ಹೇಳಿದ. ಹೇಳಿದ್ದೇ ತಪ್ಪಾಯಿತು.

ಎಂಬತ್ತೊಂಬತ್ತನೆಯ ಇಸವಿ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಪರದೇಶಕ್ಕೆ ಕಳಿಸುವ ರಾಚಯ್ಯನವರ ಆಫೀಸಿನಲ್ಲಿ ಅಂದಪ್ಪ ಕಂಪ್ಯೂಟರ್ ಆಪರೇಟರ್. ಊರಲ್ಲಿ ಕಂಪ್ಯೂಟರ್ ಬಲ್ಲವನು ತಾನೊಬ್ಬನೇ ಎಂಬ ನಂಬಿಕೆ ಅವನಿಗೂ ಇತ್ತು, ಊರಿಗೂ ಇತ್ತು. ಮಾಲಕರ ಬೆನ್ನುಹತ್ತಿ ಹೊಸ ಕಂಪ್ಯೂಟರ್ ತರಿಸಿದ್ದ. ಹಳೆಯದನ್ನು ರಾಚಯ್ಯನವರು ಬಾದಾಮಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುವ ತಮ್ಮ ತಂಗಿಯ ಮಗಳು ಬನಶಂಕರಿಗೆ ಕೊಟ್ಟುಬಿಟ್ಟಿದ್ದರು. ಕೊಡುವ ಮೊದಲು ಅಂದಪ್ಪ ಅದರ ಹೊಟ್ಟೆ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಂಡಿದ್ದ. ಕ್ವಾರಿಯ ಎಂಟುನೂರು ಕಲ್ಲುಗಳ ಅಳತೆ, ಬಣ್ಣ, ಸೀಳು ಎಲ್ಲ ಅದರಲ್ಲೇ ಇದ್ದವು. ಅದನ್ನು ಹೊಸದಕ್ಕೆ ಕೂಡಿಸಿದರೆ ಮುಗಿಯಿತು.

ಕೂಡಿಸಿದ. ಗುಂಡಿ ಒತ್ತಿದ. ಈ ಡಿಸ್ಕ್ ಓದಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿಸಿ, ಮಗ್ಗಿ ಬರದ ಹುಡುಗ ಮಾಸ್ತರರ ಮುಂದೆ ನಿಂತಂತೆ ಕಂಪ್ಯೂಟರ್ ಗಪ್ಪಾಯಿತು.

ಜೀಪಿನ ಡ್ರೈವರ್ ದುರಗಪ್ಪ ಅಂಗಿಯ ತೋಳು ಮಡಚಿದ. "ಸರೀರಿ, ಒಂದ ಏಟ ಹಾಕ್ತೇನಿ. ನಮ್ಮ ಜೀಪಿಗೆ ಹಿಂಗ ಮಾಡೂದು."

ಟೈಪಿಸ್ಟ್ ಅಮೀನಬಿ ಮರುಗಿದಳು. "ಪಾಪ, ಹೊಸಾ ಮನಿಗೆ ಹೊಂದಿಕೊಳ್ಳಾಕ ನಾಲ್ಕ ದಿನ ಬೇಕ್ರಿ ಅದಕ್ಕ."

ರಾಚಯ್ಯನವರ ಚಹಾ ಮುಗಿದಿತ್ತು. "ನಾಳೆ ಮದ್ರಾಸಿನ ವ್ಯಾಪಾರಿ ಬರ್ತಾನ. ಯಾವ ಕಲ್ಲ ಎಷ್ಟ ಉದ್ದ, ಯಾವುದು ಸೀಳೈತಿ ಅಂತ ಹೇಳ್ಲಿಲ್ಲಂದ್ರ ಹೊಳ್ಳಿ ಹೋಗ್ತಾನ. ಅವನ ಹಿಂದ ನೀನೂ ಹೋಗಬೇಕಾಗ್ತೈತಿ ನೋಡಪಾ."

ಮಧ್ಯಾಹ್ನದೊಳಗೆ ಅಂದಪ್ಪನಿಗೆ ಸಂಗತಿ ಹೊಳೆಯಿತು. ಎದೆ ಮತ್ತೆ ಉಬ್ಬಿತು. "ಡಿಸ್ಕಿಗೆ ಏನೂ ಆಗಿಲ್ರಿ. ಇದರ ಮ್ಯಾಲ ಬರದದ್ದು ಹಳೇ ಮಷೀನಿನ ಹೊಟ್ಯಾಗಿನ ಕಾರ್ಡು. ಅದರ ಕೈಬರಹ ಅದಕ್ಕಷ್ಟ ತಿಳೀತೈತಿ. ಬಾದಾಮಿಗೆ ಹೋಗಿ, ಅದರ ಕಡಿಂದ ಓದಿಸಿ, ಫ್ಲಾಪಿಗೆ ಇಳಿಸಿಕೊಂಡ ಬರ್ತೇನಿ."

ಜೀಪು ಕ್ವಾರಿಗೆ ಹೋಗಬೇಕಿತ್ತು. ಅಂದಪ್ಪ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಬಸ್ಸಿನಲ್ಲಿ ಕುಳಿತ. ತಗ್ಗು ಬಂದಾಗಲೆಲ್ಲ ಮೇಲೆತ್ತಿ ಹಿಡಿದ. ಹುನಗುಂದ ದಾಟುವವರೆಗೆ ಪಕ್ಕದ ಮುದುಕಿ ತಡೆದುಕೊಂಡಳು.

"ಕೂಸಿನ ಮಾರಿ ಬಿಡೋ ತಮ್ಮಾ, ಉಸರ ಕಟ್ಟತೈತಿ" ಎಂದು ತಾನೇ ಟವೆಲ್ ಸರಿಸಿದಳು. ಒಳಗೆ ಕಬ್ಬಿಣದ ಡಬ್ಬಿ. "ಅಯ್ಯ ಶಿವನ!"

ಕಂಡಕ್ಟರ್ ಬಂದ. "ಏನೈತಿ ಇದ್ರಾಗ?"

"ಕಲ್ಲ ಅದಾವ್ರಿ."

"ಎಷ್ಟ?"

"ಎಂಟ್ನೂರು. ಸಣ್ಣಾವಲ್ರಿ, ಎರಡ ಇಟ್ರ ಲಾರಿ ತುಂಬತೈತಿ."

ಮುಂದಿನ ಸೀಟಿನವರೆಲ್ಲ ಹೊರಳಿ ನೋಡಿದರು. ಕಂಡಕ್ಟರನ ದನಿ ಮೆತ್ತಗಾಯಿತು. "ಎಲ್ಲಿಗೆ ಹೊಂಟೀರಿ?"

"ಬಾದಾಮಿಗೆ, ಬನಶಂಕರಿ ಹಂತೇಕ. ಇದನ್ನ ಸರಿ ಮಾಡಾಕ ಆಕೀ ಬಿಟ್ರ ಮತ್ತ್ಯಾರೂ ಇಲ್ರಿ."

ಮುದುಕಿಯ ಕಣ್ಣು ಒದ್ದೆಯಾಯಿತು. "ಭಾಳ ಮಂದಿಗೆ ಆರಾಮ ಮಾಡ್ಯಾಳೋ ಯಪ್ಪಾ ಆ ತಾಯಿ. ಹೊಂಡದಾಗ ಜಳಕಾ ಮಾಡಿ ಗುಡ್ಯಾಗ ಒಂದ ರಾತ್ರಿ ಮಕ್ಕೋ."

"ನಾ ಹೇಳಿದ್ದು ದೇವೀ ಅಲ್ಲಬೇ, ಟೈಪಿಂಗ್ ಕಲಸೂ ಬನಶಂಕರಿ!"

"ಹೌದ ಹೌದ, ಆಕಿನ" ಎಂದು ಎಲ್ಲರೂ ಒಪ್ಪಿದರು. ಹುಚ್ಚರ ಜೊತೆ ವಾದ ಮಾಡಬಾರದೆಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಅಮೀನಗಡದಲ್ಲಿ ಒಬ್ಬರು ಕರದಂಟು ಕೊಡಿಸಿದರು. ಬಾದಾಮಿಯಲ್ಲಿ ಇಳಿದಾಗ ಇಬ್ಬರು ಪುಣ್ಯಾತ್ಮರು ತೋಳು ಹಿಡಿದು ಗುಡಿಗೆ ಹೋಗುವ ಟಾಂಗಾ ಹತ್ತಿಸಲು ನೋಡಿದರು. ಅಂದಪ್ಪ ಕೊಸರಿಕೊಂಡು, ಡಬ್ಬಿ ಅವುಚಿಕೊಂಡು ಬಜಾರದಲ್ಲಿ ಓಟ ಕಿತ್ತ. ಅದನ್ನು ನೋಡಿ ಅವರಿಗಿದ್ದ ಚೂರು ಸಂಶಯವೂ ಹೋಯಿತು.

"ಬರ್ರಿ ಅಂದಪ್ಪಣ್ಣಾರ, ಯಾಕ ತೇಕಾಕತ್ತೀರಿ?" ಎಂದಳು ಟೈಪಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ ಬನಶಂಕರಿ.

ಹಳೆಯ ಕಂಪ್ಯೂಟರಿಗೆ ಅವಳು ತನ್ನದೊಂದು ಡಿಸ್ಕ್ ಹಾಕಿಸಿಕೊಂಡಿದ್ದಳು. ಅಂದಪ್ಪ ಅದನ್ನು ಬಿಚ್ಚಿಟ್ಟು, ತಂದದ್ದನ್ನು ಕೂಡಿಸಿ, ಗುಂಡಿ ಒತ್ತಿದ. ಕಿರ್ ಕಿರ್ ಎಂದಿತು. ಎಂಟುನೂರು ಕಲ್ಲುಗಳು ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಹಿಗ್ಗು ತಡೆಯಲಾರದೆ ಫ್ಲಾಪಿಗಿಂತ ಮೊದಲು ಟ್ರಂಕ್ ಕಾಲ್ ಹಚ್ಚಿದ.

"ಹಳೇದು ಓದ್ತೇನ?" ರಾಚಯ್ಯನವರು ಕೇಳಿದರು.

"ನೀರ ಕುಡದಂಗ ಓದ್ತರೀ!"

"ಹೊಸಾದಕ್ಕ?"

"ಏನ ಮಾಡಿದ್ರೂ ಬರೂದಿಲ್ರಿ. ಬೇಕಾದ್ರ ಬರದ ಕೊಡ್ತೇನಿ."

"ಅಲ್ಲೇ ಇರು" ಎಂದು ಫೋನ್ ಇಟ್ಟರು.

ಬನಶಂಕರಿ ರೊಟ್ಟಿ ತಿನ್ನದೆ ಬಿಡಲಿಲ್ಲ. ಉಂಡು, ಒಂಚೂರು ಅಡ್ಡಾಗಿ, ಎದ್ದು ಮೊದಲ ಫ್ಲಾಪಿ ಕೈಗೆತ್ತಿಕೊಳ್ಳುವಾಗ ಬಾಗಿಲಲ್ಲಿ ಜೀಪು ನಿಂತಿತು. ಮುಂದೆ ರಾಚಯ್ಯನವರು, ಹಿಂದೆ ಹೊಸ ಕಂಪ್ಯೂಟರ್ ಹೊತ್ತ ದುರಗಪ್ಪ.

"ಯವ್ವಾ ಬನಶಂಕರಿ, ಹಳೇದು ನನಗ ಹೊಳ್ಳಿ ಕೊಡು. ಹೊಸಾದು ನೀ ಇಟ್ಗೊ."

ಅಂದಪ್ಪ ಅಡ್ಡ ನಿಂತ. "ಮಾಲಕರ, ಹೊಸಾದು ಹತ್ತ ಪಟ್ಟ ಜೋರ ಐತ್ರಿ!"

"ಜೋರಾಗಿ ಮರಿಯೂದನ್ನ ತೊಗೊಂಡ ನಾ ಏನ ಮಾಡ್ಲಿ?"

"ಫ್ಲಾಪಿಗೆ ಇಳಿಸಿದ್ರ ಅದಕ್ಕೂ ತಿಳೀತೈತ್ರಿ…"

"ಏನ ಮಾಡಿದ್ರೂ ಬರೂದಿಲ್ಲ, ಬರದ ಕೊಡ್ತೇನಿ ಅಂದಾವ ಯಾರಪಾ?"

ಕಲ್ಲು ತುಂಬಿದ ಡಿಸ್ಕಿನ ಸಮೇತ ಹಳೆಯ ಕಂಪ್ಯೂಟರ್ ಜೀಪು ಹತ್ತಿತು. ಹೊಸದನ್ನು ಚಾಲೂ ಮಾಡಿಕೊಟ್ಟು ಬಾ ಎಂದು ಅಂದಪ್ಪನನ್ನು ಅಲ್ಲೇ ಬಿಟ್ಟು ಹೋದರು.

ಹೊಸದನ್ನು ಕಂಡು ಬನಶಂಕರಿಗೆ ಹಬ್ಬ. ಬಿಚ್ಚಿಟ್ಟಿದ್ದ ತನ್ನ ಡಿಸ್ಕನ್ನು ತಂದು ಅಂದಪ್ಪನ ಕೈಗಿತ್ತಳು. "ಇದನ್ನ ಹಾಕಿಕೊಡ್ರಿ. ಪರೀಕ್ಷಾಕ್ಕ ಕುಂಡ್ರೂ ಹುಡಿಗ್ಯಾರ ಹೆಸರೆಲ್ಲಾ ಇದ್ರಾಗ ಅದಾವ. ನಾಳೆ ಕಳಸಬೇಕು."

ಅದರ ಮೇಲೆ ಬರೆದದ್ದೂ ಅದೇ ಹಳೆಯ ಕಾರ್ಡು. ಆ ಕಾರ್ಡು ಈಗ ಇಳಕಲ್ಲಿನ ಹಾದಿಯಲ್ಲಿತ್ತು. ಆದರೂ ಅಂದಪ್ಪ ಕೂಡಿಸಿ ನೋಡಿದ. ಬಿಚ್ಚಿ ನೋಡಿದ. ಮತ್ತೆ ಕೂಡಿಸಿದ. ರಾತ್ರಿಯವರೆಗೂ ಪರದೆಯ ಮೇಲೆ ಬೆಳಗಿನ ಅದೇ ಇಂಗ್ಲಿಷ್ ಸಾಲು.

ಬನಶಂಕರಿ ಸಿಟ್ಟಿಗೆದ್ದು ಇಳಕಲ್ಲಿಗೆ ಫೋನ್ ಹಚ್ಚಿದಳು. "ಮಾಮಾ, ನಿಮ್ಮ ಮಷೀನು ನಮ್ಮ ಹುಡಿಗ್ಯಾರನೆಲ್ಲಾ ನುಂಗಿ ಕುಂತೈತಿ!"

ಅತ್ತ ಕಡೆಯ ಜೋರು ದನಿ ಅಂದಪ್ಪನಿಗೂ ಕೇಳಿಸಿತು. "ಚಿಂತಿ ಮಾಡಬ್ಯಾಡ ಯವ್ವಾ. ಇಲ್ಲಿ ಅಮೀನಬಿ ಹಳೇದನ್ನ ಚಾಲೂ ಮಾಡ್ಯಾಳ, ಕಲ್ಲೆಲ್ಲಾ ಛಂದಾಗಿ ಕಾಣಾಕತ್ತಾವ. ಇನ್ನ ಆಕೀನ ನೋಡ್ಕೋತಾಳಂತ. ಆ ಹೊಸಾದನ್ನ ತರಿಸಿದಾವ ಅಂದಪ್ಪ. ಅದರ ಜೋಡಿ ಅವನನ್ನೂ ನಿನಗ ಕೊಟ್ಟೇನಿ ಅಂತ ತಿಳಕೋ."

ಬನಶಂಕರಿ ಫೋನ್ ಇಟ್ಟಳು. ಸೀರೆಯ ಜೊತೆಗೆ ಪುಕ್ಕಟೆ ಬಂದ ಕುಪ್ಪಸದ ಖಣವನ್ನು, ಬಣ್ಣ ಹೊಂದುತ್ತದೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ನೋಡುವಂತೆ, ಅಂದಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.