ಕೆನ್ನೆಯೊಳಗೊಂದು ಗುಲಗಂಜಿ

ನಾಲಿಗೆಗೆ ಬುದ್ಧಿ ಹೇಳಿ ಗೆದ್ದವರನ್ನು ನಾನು ಕಾಣೆ. ಹಲ್ಲಿನ ಸಂದಿಯಲ್ಲಿ ಒಂದು ನಾರು ಸಿಕ್ಕಿಕೊಂಡರೆ ಸಾಕು, ಬೇರೆ ಕೆಲಸವೇ ಇಲ್ಲದಂತೆ ಅಲ್ಲೇ ಠಿಕಾಣಿ ಹೂಡುತ್ತದೆ. ಕೃಷ್ಣರಾಜಪೇಟೆಯಲ್ಲಿ ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡು ಚಿನ್ನದ ಕೆಲಸ ಮಾಡುವ ನನ್ನ ನಾಲಿಗೆ, ಒಂದು ಬೆಳಿಗ್ಗೆ ಎಡಗೆನ್ನೆಯ ಒಳಗೆ ಪುಟ್ಟ ಗಂಟೊಂದನ್ನು ಪತ್ತೆಹಚ್ಚಿತು. ನೋವಿಲ್ಲ, ಉರಿಯಿಲ್ಲ; ನುಣ್ಣಗೆ, ಗುಲಗಂಜಿಯ ಗಾತ್ರ. ಗುಲಗಂಜಿಯಲ್ಲಿ ಚಿನ್ನ ತೂಗಿದ ವಂಶದವನು ನಾನು, ಅಂದಾಜು ತಪ್ಪುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ಅದು ನನ್ನ ಮನಸ್ಸಿನಲ್ಲಿ ನಿಂಬೆಹಣ್ಣಾಗಿತ್ತು.

ಹೆಂಡತಿ ಸಾವಿತ್ರಿಗೆ ಹೇಳಲಿಲ್ಲ. ಅಗಿಯುವ ಗೊಡವೆಯೇ ಇಲ್ಲದ ಮುದ್ದೆಯನ್ನೂ ಬಲಗಡೆಯಿಂದಲೇ ನುಂಗಿದೆ. ಅಡುಗೆಗೆ ಹೆಸರಿಡದೆ ಉಂಡೆ. ಅವಳಿಗೆ ಗಾಬರಿ ಹುಟ್ಟಿಸಿದ್ದು ಅದೇ. "ಏನ್ರೀ, ಉಪ್ಪಿಲ್ದಿರೋ ಸಾರ್ನೂ ಚೆನ್ನಾಗದೆ ಅಂತೀರಲ್ಲ, ಏನಾಯ್ತು ನಿಮ್ಗೆ?" ಬಾಯಿ ತೆರೆದು ತೋರಿಸಿದೆ. ಮೊಬೈಲಿನ ಬೆಳಕು ಹಿಡಿದು ನೋಡಿದವಳ ಮುಖ ಸಣ್ಣದಾಯಿತು. ಡೈರಿಗೆ ಹಾಲು ಹಾಕಿ ಬಂದ ಗೆಳೆಯ ಚೆಲುವೇಗೌಡನೂ ಇಣುಕಿದ. "ಲೇ ಆಚಾರಿ, ಇಂಗೆ ಬಾಯಿ ಕಳ್ಕಂಡು ಕುಂತ್ರೆ ವಾಸಿಯಾಗ್ಬುಡ್ತದಾ? ನಡೀಲಾ ಡಾಕ್ಟ್ರತ್ರ," ಎಂದು ಬೈಕು ಹತ್ತಿಸಿದ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಟನ್ನು ಒತ್ತಿ ನೋಡಿ, "ಕೆನ್ನೆ ಕಚ್ಕೊಳ್ಳೋ ಅಭ್ಯಾಸ ಇದ್ಯಾ?" ಎಂದರು. ಇಲ್ಲವೇ ಇಲ್ಲ ಎಂದೆ.

"ಅಯ್ಯೋ, ಬೆಸುಗೆ ಹಾಕುವಾಗ ಇವನ್ನ ನೋಡ್ಬೇಕು ಮೇಡಂ, ಎಮ್ಮೆ ಮೆಲುಕಾಕ್ದಂಗೆ ಕಚ್ತಾನೆ," ಎಂದ ಗೌಡ.

ಡಾಕ್ಟರು ನಕ್ಕರು. "ಒಂದೇ ಜಾಗ ಕಚ್ತಾ ಇದ್ರೆ ಇಂಥ ಗಂಟು ಬರುತ್ತೆ. ನಾವು ಬಾಯಲ್ಲಿ ತುಂಬಾ ನೋಡೋದೇ ಇದನ್ನ. ಹೆದರೋ ಅಂಥದ್ದು ಅನ್ನಿಸ್ತಿಲ್ಲ. ಆದ್ರೂ ತೆಗೆದು ಪರೀಕ್ಷೆಗೆ ಕಳಿಸಿ ಖಾತ್ರಿ ಮಾಡ್ಕೊಳ್ಳೋಣ."

ತೆಗೆದರು. ವರದಿ ಬರುವವರೆಗೆ ಸಾವಿತ್ರಿ ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತಳು. ನಾನು ಮೆರುಗು ಕೊಟ್ಟ ಬಳೆಗೇ ಮತ್ತೆ ಮೆರುಗು ಕೊಡುತ್ತ ಕುಳಿತೆ. ಕೊನೆಗೆ ಡಾಕ್ಟರೇ ಫೋನು ಮಾಡಿ, "ಏನೂ ತೊಂದ್ರೆ ಇಲ್ಲ, ಸಾಧು ಗಂಟು," ಎಂದಾಗ ಸಾವಿತ್ರಿ ಕಣ್ಣೊರೆಸಿಕೊಂಡು ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ಎರಡೂ ಕೆನ್ನೆ ತುಂಬ ತಿಂದೆ. ಗೌಡ ನನಗಿಂತ ಹೆಚ್ಚು ತಿಂದ.

ಈಗ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲಿ ಏನೆದ್ದರೂ ಮೊದಲು ನನ್ನಲ್ಲಿಗೇ ಬರುತ್ತಾರೆ. ನಾನೂ ಕೆಲಸ ಬದಿಗಿಟ್ಟು, ಗಂಭೀರವಾಗಿ ಇಣುಕಿ, "ನೋಯ್ತದಾ?" ಎಂದು ವಿಚಾರಿಸಿ, ತಲೆದೂಗಿ, "ಎಲ್ಲಾ ಗಂಟೂ ಒಂದೇ ಅಲ್ಲ ಕಣಪ್ಪ, ಡಾಕ್ಟ್ರಿಗೇ ತೋರ್ಸು," ಎಂದು ಕಳಿಸುತ್ತೇನೆ. ನಿನ್ನೆ ಹಾಗೆ ಒಬ್ಬರ ನಾಲಿಗೆ ಎತ್ತಿಸಿ ನೋಡುತ್ತಿದ್ದಾಗ ಒಳಗಿನಿಂದ ಸಾವಿತ್ರಿಯ ದನಿ ಬಂತು:

"ಡಾಕ್ಟ್ರೇ, ಗ್ಯಾಸ್ ಸಿಲಿಂಡ್ರು ಬಂದದೆ. ಒಸಿ ಒಳಕ್ಕೆ ಉರುಳಿಸ್ಬುಟ್ಟು ಹೋಗಿ."