ಮಾತೆಯ ಮಲ್ಲಿಗೆಯೂ ನನ್ನ ಬಿಸ್ಕತ್ತಿನ ಡಬ್ಬವೂ

ಮೇ ತಿಂಗಳು ದೇವಮಾತೆಯ ತಿಂಗಳು. ನಮ್ಮ ಚರ್ಚಿನಲ್ಲಿ ದಿನಕ್ಕೊಂದು ಮನೆಯವರು ಮಾತೆಗೆ ಹೂಮಾಲೆ ಒಪ್ಪಿಸುವ ಪದ್ಧತಿ. ಈ ಸಲ ಮೂವತ್ತೊಂದನೆಯ ತಾರೀಕು, ಅಂದರೆ ಊರೆಲ್ಲ ಸೇರುವ ಕಡೆಯ ದಿನ, ನಮ್ಮ ಪಾಲಿಗೆ ಬಂತು. ನನ್ನ ಹೆಂಡತಿ ಸವರಿಯಮ್ಮ ಹತ್ತು ಜನರೆದುರು ಸಾರಿಬಿಟ್ಟಳು: "ಮಾರ್ಕೆಟ್ಟಿನ ಹೂವಲ್ಲ, ನಮ್ಮ ಹಿತ್ತಿಲ ಮಲ್ಲಿಗೆಯೇ!" (ಗಿಡ ಅವಳದು. ನೀರು ಸೇದುವ ಸೊಂಟ ನನ್ನದು.)

ಮೊದಲ ವಾರದಲ್ಲೇ ಗಿಡ ಮುರುಟತೊಡಗಿತು. ಕಚೇರಿಯಲ್ಲಿ ದಿನವಿಡೀ ಬರೆದು, ಬಿಸಿಲಲ್ಲಿ ಕೃಷ್ಣಮೂರ್ತಿಪುರಂನ ಮನೆಯವರೆಗೆ ನಡೆದು ಬಂದವನನ್ನು ಪೇಟ ಇಳಿಸಲೂ ಬಿಡದೆ ಹಿತ್ತಿಲಿಗೆ ಅಟ್ಟಿದಳು. ನಾನು ಕನ್ನಡಕ ಏರಿಸಿ ಸ್ಥಳಪರಿಶೀಲನೆ ನಡೆಸಿದೆ. ಕಾಂಡದ ಮೇಲೆ ಅಲ್ಲಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತೆ ಏನೋ ಬಿಳಿ, ಅಲುಗಾಡಲಿಲ್ಲ. ಈಸ್ಟರಿಗೆ ಗೋಡೆಗೆ ಹೊಡೆಸಿದ ಸುಣ್ಣ ಸಿಡಿದಿರಬೇಕು ಅಂದುಕೊಂಡೆ. ಆದರೆ ಅದರ ಸುತ್ತ ಗುಲಗಂಜಿಯಷ್ಟು ಕೆಂಪು ಹುಳುಗಳು, ಬೆನ್ನ ಮೇಲೆ ಕಪ್ಪು ಚುಕ್ಕೆ, ತಮ್ಮಪ್ಪನ ಮನೆ ಎಂಬಂತೆ ಓಡಾಡುತ್ತಿದ್ದವು. ಕಳ್ಳರು ಸಿಕ್ಕಿಬಿದ್ದರು!

"ಹೊಸಕಿಬಿಡ್ತೀನಿ ನೋಡು," ಎಂದೆ.

"ಬೇಡಿ ಕಣ್ರೀ! ಮಾತೆ ತಿಂಗಳು ಮುಗಿಯೋವರೆಗೂ ಈ ಮನೇಲಿ ಒಂದು ಜೀವಾನೂ ಕೊಲ್ಲಲ್ಲ ಅಂತ ಹರಕೆ ಹೊತ್ತಿದ್ದೀನಿ."

"ಯಾವಾಗ?"

"ನೀವು ಕೋಳಿ ತರ್ತೀನಿ ಅಂದ ದಿನ."

"ಮತ್ತೆ ಇವನ್ನ ಏನು ಮಾಡ್ಲಿ? ಕೂರಿಸಿಕೊಂಡು ಜಪ ಹೇಳಿಕೊಡ್ಲಾ?"

"ಹಿಡಿದು ಎಲ್ಲಾದ್ರೂ ದೂರ ಬಿಟ್ಟುಬನ್ನಿ."

ಅಂದಿನಿಂದ ಪ್ರತಿ ಸಂಜೆ ಬಿಸ್ಕತ್ತಿನ ಡಬ್ಬ ಹಿಡಿದು, ಬಗ್ಗಿ, ಒಂದೊಂದೇ ಹುಳುವನ್ನು ದಸ್ತಗಿರಿ ಮಾಡತೊಡಗಿದೆ. ದೂರ ಹೋಗಲು ಕಾಲಿನಲ್ಲಿ ಕಸುವಿರಲಿಲ್ಲ. ಸುತ್ತ ನೋಡಿ, ಡಬ್ಬವನ್ನು ಪಕ್ಕದ ಗೋಡೆಯಾಚೆ ಸುರಿದುಬಿಡುತ್ತಿದ್ದೆ. ಆಚೆ ಮನೆ ಮಂಡಕಳ್ಳಿಯ ಮಂಗಳಮ್ಮನದು. ಊರಿಂದ ಗಾಡಿ ಬಂದಾಗಲೆಲ್ಲ ನಮಗೆ ಅವರೆಕಾಯಿ ಕೊಡುವ ಹೆಂಗಸು. ಗೋಡೆಯ ಬುಡದಲ್ಲಿ ಅವಳದೂ ಒಂದು ಮಲ್ಲಿಗೆ ಗಿಡ ಮುರುಟಿಕೊಂಡು ನಿಂತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಆಚೆ ಇಣುಕದೆ ಸುರಿದೆ.

ಮೂರು ವಾರದಲ್ಲಿ ಒಂದು ಕೆಂಪು ಹುಳುವೂ ಉಳಿಯಲಿಲ್ಲ. ಮೊಗ್ಗೂ ಉಳಿಯಲಿಲ್ಲ. ಸುಣ್ಣ ಮಾತ್ರ ತುದಿಯವರೆಗೂ ಏರಿತ್ತು. ಸವರಿಯಮ್ಮ ಗಿಡದ ಮುಂದೆ ಕೂತು ಕಣ್ಣೊರೆಸಿಕೊಂಡಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ಬೈಯದೆ ಅತ್ತದ್ದು ಅದೇ ಮೊದಲು, ನನಗೆ ತಡೆಯಲಾಗಲಿಲ್ಲ.

ಇದು ನೆರೆಯವಳಿಗೆ ಮಾಡಿದ ದ್ರೋಹದ ಫಲವೆಂದು ಹೆದರಿ, ಶನಿವಾರ ಚರ್ಚಿನ ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡಿದೆ.

"ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿ," ಎಂದರು ಸ್ವಾಮಿಗಳು.

"ಅದರ ಬದಲು ಒಂದು ಹತ್ತು ಜಪಸರ..."

"ಹೋಗಿ!"

ಹೋದೆ. ಹಿತ್ತಿಲ ಬಾಗಿಲಲ್ಲೇ ಕಾಲು ನಿಂತಿತು. ಮಂಗಳಮ್ಮನ ಗಿಡದಲ್ಲಿ ಎಲೆಗಿಂತ ಮೊಗ್ಗೇ ಹೆಚ್ಚು! ತೊದಲುತ್ತ ನಿಜ ಹೇಳಿದೆ.

"ಅಯ್ಯೋ, ಅದು ನೀವಾ ಗುಮಾಸ್ತರೇ?" ಎಂದು ಅವಳು ಕೈಮುಗಿದಳು. "ಯಾವ ದ್ಯಾವ್ರು ಕಳಿಸ್ತಾವ್ನೋ ಅನ್ಕೊಂಡಿದ್ದೆ. ಆ ಬಿಳೀ ಇಟ್ಟಿನಂಗೆ ಕಾಣ್ತದಲ್ಲ, ಅದೇ ಉಳ. ಗಿಡದ ರಸ ಈರ್ತದೆ. ಈ ಗುಲಗಂಜಿ ಉಳ ಅದನ್ನ ತಿಂದಾಕ್ಬುಡ್ತದೆ. ನಮ್ಮ ಮಂಡಕಳ್ಳೀಲಿ ಕೂಸುಗಳ್ಗೂ ಗೊತ್ತು ಬುಡಿ."

ಮೂವತ್ತೊಂದರಂದು ಮಂಗಳಮ್ಮನೇ ಮೊರದ ತುಂಬ ಮೊಗ್ಗು ತಂದುಕೊಟ್ಟಳು. ಮಾಲೆ ನೋಡಿ ಹೆಂಗಸರೆಲ್ಲ ಬೆರಗಾದರು. "ನಿಮ್ಮ ಹಿತ್ತಿಲದೇನಮ್ಮ?" ಎಂದು ಕೇಳಿದವರಿಗೆ ಸವರಿಯಮ್ಮ ಸುಳ್ಳು ಹೇಳಲಿಲ್ಲ. "ಇಲ್ಲ, ಪಕ್ಕದ ಮನೇದು. ನಮ್ಮ ಯಜಮಾನ್ರು ತಿಂಗಳಿಡೀ ಅಲ್ಲಿಗೇ ದುಡಿದ್ರು," ಎಂದಳು. ನಾನು ಕಂಬದ ಮರೆಗೆ ಸರಿದೆ.

ಜೂನ್ ಒಂದರ ಸಂಜೆ ಪೇಟ ಇಳಿಸುವ ಮೊದಲೇ ಕೈಗೆ ಡಬ್ಬ ಬಂತು. "ಹೋಗಿ, ನಮ್ಮ ಹುಳ ವಾಪಸು ತನ್ನಿ."

ಈಗ ನಾನು ದಿನವೂ ಮಂಗಳಮ್ಮನ ಹಿತ್ತಿಲಲ್ಲಿ ಬಗ್ಗಿ ನಿಂತಿರುತ್ತೇನೆ.

"ಎಲ್ಲಾನೂ ಇಡ್ಕೊಂಡೋಗ್ಬ್ಯಾಡಿ ಗುಮಾಸ್ತರೇ, ನಮ್ಗೂ ನಾಕು ಬುಡಿ," ಎನ್ನುತ್ತಾಳೆ ಅವಳು. "ಅಂಗೇ ಬಂದದ್ದು ಬಂದ್ರಿ, ಗಿಡಕ್ಕೆ ಎರಡು ಬಿಂದಿಗೆ ನೀರು ಸೇದಾಕ್ಬುಡಿ."

ಗಿಡ ಎರಡಾದವು. ಸೊಂಟ ಇನ್ನೂ ಒಂದೇ.